ಹಳದಿ ಸೇವಂತಿಗೆಯ ಬೆನ್ನಿಗೆ ಮೇಣ

ಒಣಗಿದ ಸೇವಂತಿಗೆಯನ್ನು ಬೋರಲು ಹಾಕಬಾರದು, ಎಸಳು ಉದುರಿಹೋಗುತ್ತವೆ. ಹತ್ತು ವರ್ಷದಿಂದ ಮನೆಯಲ್ಲಿ ಹೂ ಒಣಗಿಸುತ್ತಿರುವ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಭಾನುವಾರ ಒಂದು ಸೇವಂತಿಗೆಯನ್ನು ಬೋರಲು ಹಾಕಿದೆ. ಅದು ಮೂವತ್ತೈದು ವರ್ಷದ ಹಿಂದಿನ ಹೂ. ಹಾಕದೆ ಇದ್ದಿದ್ದರೆ ನನ್ನ ಬದುಕಿನ ಬಗ್ಗೆ ನಾನು ಹೇಳುತ್ತ ಬಂದಿದ್ದ ಕತೆಯನ್ನೇ ಇವತ್ತಿಗೂ ಹೇಳುತ್ತಿರುತ್ತಿದ್ದೆ.

ಆ ಕತೆ ಹೀಗಿತ್ತು.

ನಾನು ಎಸ್ಸೆಲ್ಸಿ ಪಾಸಾಗಿದ್ದೆ. ಮುಂದೆ ಓದಬೇಕಾದರೆ ತುಮಕೂರಿಗೆ ಹೋಗಿ ಹಾಸ್ಟೆಲಿನಲ್ಲಿರಬೇಕಿತ್ತು. ಮಿಡಿಗೇಶಿ ಕಡೆಯ ನಮ್ಮ ಹಳ್ಳಿಯಿಂದ ಅಲ್ಲಿಯವರೆಗೆ ಯಾವ ಹುಡುಗಿಯೂ ಹಾಗೆ ಹೋಗಿರಲಿಲ್ಲ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಅಮ್ಮನ್ನ ಹೂ ಕೇಳಾನ, ಅವಳು ಹೆಂಗೆ ಹೇಳಿದ್ರೆ ಅಂಗೆ" ಎಂದ. ನಮ್ಮೂರಲ್ಲಿ ಮದುವೆ, ಬೋರ್‌ವೆಲ್ಲು, ಪಾಲು ಯಾವುದಕ್ಕೂ ಗ್ರಾಮದೇವತೆಯ ಹತ್ತಿರ ಹೂ ಕೇಳುವುದು ರೂಢಿ. ಪೂಜಾರಪ್ಪ ಅಮ್ಮನ ಕಲ್ಲಿನ ಮೈ ತೊಳೆದು, ಎರಡು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ, ಬಲಭುಜಕ್ಕೆ ಒಂದು ಎಡಭುಜಕ್ಕೆ ಒಂದು ಒತ್ತುತ್ತಾನೆ. ಹಸಿ ಕಲ್ಲಿಗೆ ಹಸಿ ಹೂ ಅಂಟಿಕೊಳ್ಳುತ್ತದೆ. ಆಮೇಲೆ ಎಲ್ಲರೂ ಕೂತು ಕಾಯುವುದು. ಬಲದ್ದು ಮೊದಲು ಬಿದ್ದರೆ ಅಮ್ಮ ಒಪ್ಪಿದಳು, ಎಡದ್ದು ಬಿದ್ದರೆ ಒಪ್ಪಲಿಲ್ಲ. ಹಿಂದೆ ಕೂತವರಿಗೂ ಕಾಣಲಿ ಎಂದು ನಮ್ಮಲ್ಲಿ ಬಲಕ್ಕೆ ಹಳದಿ, ಎಡಕ್ಕೆ ಬಿಳಿ ಹೂ ಇಡುತ್ತಾರೆ.

ಅವತ್ತು ಹೂವಿನ ತಟ್ಟೆ ಹಿಡಿದು ನಿಂತಿದ್ದವಳು ನನ್ನ ತಂಗಿ. ಹಳದಿ ಹೂ ಬಿತ್ತು. ಎಷ್ಟು ಬೇಗ ಬಿತ್ತೆಂದರೆ ಪೂಜಾರಪ್ಪ ಕೈ ತೆಗೆದು ಹಿಂದೆ ಸರಿಯುವುದರೊಳಗೆ ಬಿತ್ತು. ಹಲ್ಲಿ ಲೊಚಗುಟ್ಟಿತು. ಅವ್ವ ಸೆರಗೊಡ್ಡಿ ಹೂ ಹಿಡಿದುಕೊಂಡು ಸಂತೋಷಕ್ಕೆ ಅತ್ತಳು. ನಾನು ತುಮಕೂರಿಗೆ ಹೋದೆ, ಓದಿದೆ, ಟೀಚರಾದೆ, ಕೊರಟಗೆರೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ, ಈಗ ಮಧುಗಿರಿಯಲ್ಲಿ ಹೇಳುತ್ತಿದ್ದೇನೆ. ಅವ್ವ ಆ ಹೂವನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನ ಮರದ ಕುಂಕುಮ ಭರಣಿಯಲ್ಲಿಟ್ಟಳು. ಅವಳು ಹೋದ ಮೇಲೆ ಆ ಭರಣಿ ನನಗೆ ಬಂತು.

ಹಲ್ಲಿ ಲೊಚಗುಟ್ಟಲಿಲ್ಲ. ಅದನ್ನು ಯಾವಾಗಲೋ ಸ್ಟಾಫ್ ರೂಮಿನಲ್ಲಿ ಹೇಳುವಾಗ ನಾನೇ ಸೇರಿಸಿದ್ದು. ಅವ್ವ ಅತ್ತದ್ದು ನಿಜ. "ಸಂತೋಷಕ್ಕೆ" ಎಂಬ ಮಾತನ್ನು ಯಾರು ಸೇರಿಸಿದರೋ ಗೊತ್ತಿಲ್ಲ. ನೆನಪಿನ ಈ ಕೈಚಳಕ ನನಗೆ ಗೊತ್ತಿತ್ತು, ಅದಕ್ಕೇ ನಾನು ಹೂವನ್ನು ನಂಬುತ್ತಿದ್ದೆ. ನೆನಪನ್ನು ತಿದ್ದಬಹುದು, ಒಣಗಿಸಿಟ್ಟ ಹೂವನ್ನು ತಿದ್ದಲಾಗುವುದಿಲ್ಲ ಎಂದು.

ಒಣಗಿಸುವ ಕೆಲಸ ಶುರುವಾದದ್ದು ಬಿಡುವಿನ ಹೊತ್ತು ಕಳೆಯಲು. ನಯವಾದ ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹೂವನ್ನು ಕತ್ತಿನವರೆಗೆ ಹೂತು, ಆಮೇಲೆ ಎಸಳೆಸಳಿಗೂ ಚಮಚದಲ್ಲಿ ಮರಳು ಸುರಿಯುವುದು. ಗುಲಾಬಿಯನ್ನು ಕತ್ತಲೆ ಅಟ್ಟದಲ್ಲಿ ತಲೆಕೆಳಗಾಗಿ ನೇತುಹಾಕುವುದು. ಕನಕಾಂಬರವನ್ನು ಹಳೆಯ ಪ್ರಶ್ನೆಪತ್ರಿಕೆಗಳ ನಡುವೆ ಇಟ್ಟು ಮೇಲೆ ಗುಂಡುಕಲ್ಲು ಹೇರುವುದು. ಶೂ ಡಬ್ಬಿಗಳಲ್ಲಿ ಬರುವ, ತಿನ್ನಬೇಡಿ ಎಂದು ಬರೆದಿರುವ ಸಣ್ಣ ಸಣ್ಣ ಪೊಟ್ಟಣಗಳನ್ನು ಬೀದಿಯವರೆಲ್ಲ ನನಗೆ ತಂದುಕೊಡುತ್ತಾರೆ. ತೇವ ಹೀರಲು ಅವು ಒಳ್ಳೆಯವು. ಮಲ್ಲಿಗೆ ಮಾತ್ರ ಯಾವ ಉಪಾಯಕ್ಕೂ ಬಗ್ಗಿಲ್ಲ, ಟೀ ಸೊಪ್ಪಿನ ಬಣ್ಣಕ್ಕೆ ತಿರುಗುತ್ತದೆ. ಸೇವಂತಿಗೆಯನ್ನು ನನ್ನ ತಂಗಿ ಕಳಿಸುತ್ತಾಳೆ. ಅವಳನ್ನು ಕೊಟ್ಟಿದ್ದು ಪಾವಗಡದ ಕಡೆಗೆ. ಗಂಡ ಹೆಂಡತಿ ಹೂವಿನ ತೋಟ ಮಾಡಿದ್ದಾರೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಒಂದು ಪುಟ್ಟಿ ತುಂಬ ಹೂ ಬರುತ್ತದೆ. ಕಂಡಕ್ಟರು, "ಮೇಡಂ, ಈ ಹೂವೆಲ್ಲ ಒಣಗಿಸಕ್ಕಂತೆ? ನಮ್ಮನೇಲಿ ಒಣಗ್ದಂಗೆ ಇಟ್ಕೊಳಕ್ಕೆ ಒದ್ದಾಡ್ತಾರೆ" ಎಂದು ನಗುತ್ತಾನೆ.

ಈ ವರ್ಷ ತಂಗಿಯ ಮಗಳಿಗೆ ಪಿಯುಸಿ ಮುಗಿದು ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹದಿನೈದು ದಿನದೊಳಗೆ ಹೋಗಿ ಸೇರಬೇಕು. ತಂಗಿ ಫೋನಿನಲ್ಲಿ, "ಮುಂದಿನ ಸೋಮವಾರ ಬಿಟ್ಟು ಅದರಾಚೆ ಸೋಮವಾರ ನಮ್ಮೂರಿಗೆ ಬಾರಕ್ಕ. ಅಮ್ಮನ್ನ ಹೂ ಕೇಳ್ಬೇಕು" ಎಂದಳು.

"ಈಗಲೂ ಹೂ ಕೇಳೋದೇನೇ? ಹುಡುಗಿಗೆ ಇಷ್ಟ ಇದೆ, ನಿನಗೂ ಇಷ್ಟ ಇದೆ."

"ಇಷ್ಟ ಅಂತ ಕಳಿಸ್ಬುಟ್ರೆ, ನಾಳೆ ಏನಾರ ಆದ್ರೆ? ನಿಂಗೂ ಅಮ್ಮ ಹೂ ಕೊಟ್ಟೇ ತಾನೆ ನೀನು ಹೋಗಿದ್ದು."

"ಎಡಕ್ಕೆ ಬಿದ್ರೆ?"

"ಬಿದ್ರೆ ಇಲ್ಲೇ ಇರ್ತಾಳೆ."

ಫೋನು ಹುಡುಗಿಯ ಕೈಗೆ ಹೋಯಿತು. ಆ ಕಡೆ ತೆಲುಗು ಬೆರೆತಿರುವುದರಿಂದ ಅವಳು ನನ್ನನ್ನು ದೊಡ್ಡಮ್ಮ ಅನ್ನುವುದಿಲ್ಲ. "ಪೆದ್ದಮ್ಮಾ, ಬಿಳೀದು ಬಿದ್ರೆ ನಾನು ಸಾಯೋಗಂಟ ಇಲ್ಲೇ ಹೂ ಬಿಡಿಸ್ಕೊಂಡಿರ್ಬೇಕಾ? ನೀನಾದ್ರೂ ಹೇಳು."

ಹೇಳುವ ಬದಲು ನಾನು ಒಂದು ಉಡುಗೊರೆ ಮಾಡಲು ಹೊರಟೆ. ನನ್ನ ಆ ಹಳದಿ ಹೂವಿಗೆ ಗಾಜಿನ ಚೌಕಟ್ಟು ಹಾಕಿ ಹುಡುಗಿಗೆ ಕೊಡೋಣ, ಅದನ್ನು ನೋಡಿದರೆ ತಂಗಿಯ ಮನಸ್ಸು ಗಟ್ಟಿಯಾದೀತು. ಹಾಗೆಂದೇ ಆ ಭಾನುವಾರ ಅವ್ವನ ಭರಣಿ ತೆರೆದದ್ದು.

ಬಟ್ಟೆ ಬಿಚ್ಚಿದೆ. ಹಳದಿ ಹೂ ಎಂದೇ ಆ ಕ್ಷಣದವರೆಗೂ ಹೇಳುತ್ತಿದ್ದ ನನಗೆ ಕಂಡದ್ದು ಹಳೆಯ ನಿಂಬೆಕಾಯಿಯ ಉಪ್ಪಿನಕಾಯಿ ಬಣ್ಣದ ಒಂದು ಮುದ್ದೆ. ಮೆತ್ತನೆಯ ಕುಂಚದಲ್ಲಿ ಧೂಳು ಕೊಡವಿದೆ. ಚಿಕ್ಕ ತೊಟ್ಟು ಉಳಿದಿತ್ತು, ಕತ್ತರಿಸಲು ಬೋರಲು ಹಾಕಿದೆ.

ಹೂವಿನ ಬೆನ್ನಿಗೆ, ತೊಟ್ಟಿನ ಪಕ್ಕದಲ್ಲಿ, ಕಡಲೆಕಾಳಿನಷ್ಟು ಮೇಣ ಇತ್ತು.

ಮೊದಲು ಭರಣಿಯಲ್ಲಿದ್ದ ಮೇಣ ಮೆತ್ತಿಕೊಂಡಿರಬೇಕು ಎಂದುಕೊಂಡೆ. ಅವ್ವನ ಕಾಲದವರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಿದ್ದರು, ಭರಣಿಯಲ್ಲಿ ಅದಕ್ಕೊಂದು ಗುಳಿ ಇರುತ್ತಿತ್ತು. ಆದರೆ ಹೂ ಬಟ್ಟೆಯೊಳಗಿತ್ತು, ಬಟ್ಟೆಗೆ ಮೇಣದ ಕಲೆ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮೇಣದಲ್ಲಿ ಕುಂಕುಮದ ಕೆಂಪು ಇತ್ತು. ಅದರ ಮೇಲೆ ಒಂದು ಉಗುರಿನ ಗುರುತು ಇತ್ತು, ಯಾರೋ ಒತ್ತಿ ಅಂಟಿಸಿದ ಗುರುತು.

ಹಳದಿ ಹೂವಿಗೆ ಮೇಣ ಯಾಕೆ ಹಾಕುತ್ತಾರೆ? ಅಂಟಿಕೊಳ್ಳಲಿ ಎಂದು. ಬೀಳದಿರಲಿ ಎಂದು. ನಾನು ಹೋಗದಿರಲಿ ಎಂದು. ಮೇಣ ಅವ್ವನದು, ಭರಣಿ ಅವ್ವನದು.

ನಾಲ್ಕು ದಿನ ನಾನು ಸತ್ತುಹೋದ ಅವ್ವನ ಜೊತೆ ಜಗಳವಾಡಿದೆ. ಅನ್ನ ಬಸಿಯುವಾಗ, ಕ್ಲಾಸಿನಲ್ಲಿ ಬೋರ್ಡ್ ಒರೆಸುವಾಗ. ಅವಳು ಅತ್ತದ್ದು ಸಂತೋಷಕ್ಕಲ್ಲ, ತನ್ನ ಮೋಸ ಸೋತದ್ದಕ್ಕೆ. ಹೂವನ್ನು ಗಂಟು ಕಟ್ಟಿಟ್ಟದ್ದು ಭಕ್ತಿಗಲ್ಲ, ಯಾರೂ ನೋಡದಿರಲಿ ಎಂದು. ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ಕೈಗೆ ಚಕ್ಕುಲಿಯ ಡಬ್ಬಿ ಕೊಟ್ಟದ್ದೂ ಈಗ ಬೇರೆಯಾಗಿ ಕಂಡಿತು. ಎಷ್ಟು ಸಲೀಸಾಗಿ ಎಲ್ಲವೂ ಹೊಸ ಕತೆಗೆ ಹೊಂದಿಕೊಂಡವು! ಹಳೆಯ ಕತೆಯಷ್ಟೇ ಸಲೀಸಾಗಿ. ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಗುರುವಾರ ರಜೆ ಹಾಕಿ ಪಾವಗಡದ ಬಸ್ ಹತ್ತಿದೆ. ಹೂವನ್ನು ಟಿಫಿನ್ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟುಕೊಂಡಿದ್ದೆ. ತಂಗಿ ತೋಟದಲ್ಲಿ ಮಡಿಲು ಕಟ್ಟಿಕೊಂಡು ಹೂ ಬಿಡಿಸುತ್ತಿದ್ದಳು.

"ಏನಕ್ಕ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಭಾವ ಓಡಿಸ್ಬುಟ್ರಾ?"

"ನಗಬೇಡ. ಕೈ ಒರೆಸ್ಕೊಂಡು ಇದನ್ನ ನೋಡು. ಅವ್ವ ಏನು ಮಾಡಿದ್ಲು ನೋಡು."

ಡಬ್ಬಿ ತೆರೆದು ಹೂವಿನ ಬೆನ್ನು ತೋರಿಸಿದೆ. ಮೇಣ, ಕೆಂಪು, ಉಗುರು, ಎಲ್ಲ ಹೇಳಿದೆ. ತಂಗಿ ಡಬ್ಬಿಯನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಆಮೇಲೆ ಅವಳ ಹೊಟ್ಟೆ ಕುಲುಕಿತು. ನಗು ತಡೆಯಲಾಗದೆ ಬಾಗಿದಾಗ ಮಡಿಲಿನ ಹೂವೆಲ್ಲ ಬದುವಿನ ಮೇಲೆ ಚೆಲ್ಲಿದವು.

"ಅಯ್ಯೋ ಪಾಪಿ, ಅವ್ವನ ಮೇಲೆ ಯಾಕೆ ಹೇಳ್ತೀಯ? ಅದು ನಾನು ಕಣಕ್ಕ!"

ನಾನು ಬದುವಿನ ಮೇಲೆ ಕೂತುಬಿಟ್ಟೆ.

ಅವಳಿಗೆ ಆಗ ಹನ್ನೆರಡು. ದೇವಸ್ಥಾನಕ್ಕೆ ಹೂವಿನ ತಟ್ಟೆ ಹೊತ್ತದ್ದು ಅವಳೇ. ಇದು ನನಗೆ ಗೊತ್ತಿತ್ತು, ಮೂವತ್ತೈದು ವರ್ಷ ಆ ಕತೆಯಲ್ಲಿ ಅವಳನ್ನು ನಾನು ತಟ್ಟೆ ಹಿಡಿಸಿ ನಿಲ್ಲಿಸಿಯೇ ಇದ್ದೆ. ಆದರೆ ಅವಳ ಕೈಯಿಂದ ಏನನ್ನೂ ಮಾಡಿಸಿರಲಿಲ್ಲ.

"ನೀನು ಹೋದ್ರೆ ನಂಗೆ ಜಡೆ ಯಾರು ಹಾಕ್ತಾರೆ, ಕತ್ತಲಾದ್ಮೇಲೆ ಆಚೆಗೆ ಯಾರು ಜೊತೆಗೆ ಬತ್ತಾರೆ ಅಂತ. ಭರಣಿಯಿಂದ ಮೇಣ ಕಿತ್ಕೊಂಡು ಹಳದೀ ಹೂವಿಗೆ ಮೆತ್ತಿದೆ. ಬೀಳೋದೇ ಇಲ್ಲ ಅನ್ಕೊಂಡಿದ್ದೆ." ಅವಳ ನಗು ನಿಂತಿತು. "ಆದ್ರೆ ಬಿತ್ತಲ್ಲಕ್ಕ! ಮೇಣ ಹಾಕಿದ್ರೂ ಬಿತ್ತಲ್ಲ! ಪೂಜಾರಪ್ಪ ಕೈ ತೆಗೆಯೋದ್ರೊಳಗೆ. ಅವತ್ತಿಂದ ಅಮ್ಮ ಇದ್ದಾಳೆ ಅನ್ನೋದ್ರಲ್ಲಿ ನಂಗೆ ಒಂದು ಚೂರೂ ಅನುಮಾನ ಇಲ್ಲ."

"ಅವ್ವಂಗೆ ಗೊತ್ತಿತ್ತಾ?"

"ಹೂ ಸೆರಗಿಗೆ ತಗೊಂಡಾಗ ನೋಡಿರ್ಬೇಕು. ಮನೇಗೆ ಬಂದು ನನ್ನ ಉಗುರು ನೋಡಿದ್ಲು. ಏನೂ ಅನ್ನಲಿಲ್ಲ, ಹೊಡೀಲೂ ಇಲ್ಲ. ಹೊಡೆದಿದ್ರೆ ಚೆನ್ನಾಗಿತ್ತು."

ಆಮೇಲೆ ನಡೆದದ್ದು ನನಗೂ ಗೊತ್ತು. ನಾನು ಹೋದ ವರ್ಷವೇ ಅವ್ವ ಸೊಂಟ ಹಿಡಿದು ಮಲಗಿದಳು. ಎಮ್ಮೆ, ಒಲೆ, ನೀರು ಎಲ್ಲ ತಂಗಿಯ ಪಾಲಿಗೆ ಬಂದವು. ಅವಳು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಲೆಕ್ಕದಲ್ಲಿ ನನಗಿಂತ ಜಾಣೆ.

"ದೇವ್ರಿಗೆ ಮೋಸ ಮಾಡಕ್ಕೋದೆ, ಅನುಭವಿಸ್ದೆ" ಎಂದಳು ಚೆಲ್ಲಿದ ಹೂ ಆಯುತ್ತ. "ಅದಕ್ಕೇ ನನ್ನ ಮಗಳದ್ದು ಸರಿಯಾಗಿ ಕೇಳ್ಬೇಕು. ಮೇಣಗೀಣ ಇಲ್ದಂಗೆ."

ಮಧುಗಿರಿಗೆ ವಾಪಸ್ ಬಂದ ಮೇಲೂ ಒಂದು ಮಾತು ಕೊರೆಯುತ್ತಿತ್ತು. ಮೇಣ ಹಾಕಿದ್ದ ಹೂ ಯಾಕೆ ಬಿತ್ತು? ಅದೂ ಅಷ್ಟು ಬೇಗ?

ಹೂ ಒಣಗಿಸುವವರಿಗೆ ಮೇಣ ಹೊಸತಲ್ಲ. ಒಣಗಿದ ಹೂವಿನ ತೊಟ್ಟಿಗೆ ಕರಗಿದ ಮೇಣ ಹಚ್ಚುತ್ತೇವೆ, ತೇವ ಒಳಹೋಗದಿರಲಿ ಎಂದು. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇದು ಮನಸ್ಸಿಗೆ ಬಂದಾಗ ನಾನು ಅಡುಗೆಮನೆಯ ನಡುವೆ ನಿಂತಿದ್ದೆ. ಹಿತ್ತಲಿಗೆ ಹೋಗಿ, ನೇರವಾಗಿ ಗೋಡೆಗೆ ಒರಗಿಸಿದ್ದ ಹಳೆಯ ಅರೆಯುವ ಕಲ್ಲಿಗೆ ನೀರು ಹೊಯ್ದೆ. ಎರಡು ಸೇವಂತಿಗೆ ತಂದೆ, ಒಂದರ ಬೆನ್ನಿಗೆ ಕಡಲೆಕಾಳಿನಷ್ಟು ಮೇಣ ಮೆತ್ತಿದೆ. ಎರಡನ್ನೂ ನೀರಿನಲ್ಲಿ ಅದ್ದಿ ಕಲ್ಲಿಗೆ ಒತ್ತಿದೆ.

ಬರಿಯ ಹೂ ಹಸಿ ಎಸಳುಗಳನ್ನು ಹರಡಿಕೊಂಡು ಕಲ್ಲನ್ನು ಕಚ್ಚಿ ಹಿಡಿಯಿತು. ಮೇಣದ್ದು ಕೈ ತೆಗೆಯುವುದರೊಳಗೆ ಬಿತ್ತು.

ಮತ್ತೆ ಮಾಡಿದೆ. ಮತ್ತೆ ಬಿತ್ತು. ಪುಟ್ಟಿಯ ಹೂ ಮುಗಿಯುವವರೆಗೂ ಮಾಡಿದೆ. ಒಂದು ಸಲ ಮಾತ್ರ ಮೇಣದ ಹೂ ನಿಂತಿತು, ಯಾಕೆಂದು ಗೊತ್ತಾಗಲಿಲ್ಲ, ಅದನ್ನು ಬರೆಯದೆ ಬಿಟ್ಟರೆ ನಾನು ಮತ್ತೆ ಹಲ್ಲಿ ಲೊಚಗುಟ್ಟಿಸಿದ ಹಾಗಾಗುತ್ತದೆ. ಉಳಿದಷ್ಟು ಸಲವೂ ಬಿತ್ತು. ಮೇಣ ಒಣ ಹಣೆಗೆ ಅಂಟುತ್ತದೆ. ಹಸಿ ಕಲ್ಲಿಗೆ ಅಂಟುವುದಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಗೊತ್ತಿದ್ದದ್ದು ಹಣೆ ಮಾತ್ರ.

ಹಿತ್ತಲಿನ ತುಂಬ ಹೂ ಬಿದ್ದಿದ್ದವು. ಅವುಗಳ ನಡುವೆ ಕೂತೆ. ನನ್ನ ಓದು, ನನ್ನ ಕೆಲಸ, ಈ ಮನೆ, ಅಷ್ಟನ್ನೂ ನನಗೆ ಕೊಟ್ಟದ್ದು ದೇವರೂ ಅಲ್ಲ, ಅಪ್ಪನೂ ಅಲ್ಲ. ನಾನು ಹೋಗಬಾರದೆಂದು ನನ್ನ ತಂಗಿ ಮೆತ್ತಿದ ಮೇಣ. ಅದೇ ಮೇಣ ಅವಳ ಸ್ಕೂಲನ್ನು ಕಸಿದುಕೊಂಡಿತು.

ಹೇಳಬೇಕೋ ಬೇಡವೋ? ಹೇಳಿದರೆ ಅವಳು ಇಷ್ಟು ವರ್ಷ ಹಿಡಿದು ನಿಂತಿದ್ದ ಅಮ್ಮ ಹೋಗುತ್ತಾಳೆ. ಹೇಳದಿದ್ದರೆ ಒಂದು ಹುಡುಗಿಯ ಓದು ಯಾವ ಎಸಳು ಮೊದಲು ಒಣಗುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಇನ್ನೊಂದು ದಾರಿಯೂ ಹೊಳೆಯಿತು, ಹೇಳಲು ನಾಚಿಕೆ: ಹಳದಿ ಹೂವಿಗೆ ಗುಟ್ಟಾಗಿ ಮೇಣ ಮೆತ್ತಿಬಿಡುವುದು. ಸೋಮವಾರ ಬೆಳಿಗ್ಗೆ ಊರಿಗೆ ಹೊರಟಾಗ ಸೆರಗಿನ ತುದಿಯಲ್ಲಿ ಸ್ವಲ್ಪ ಮೇಣ ಗಂಟು ಹಾಕಿಕೊಂಡೆ.

ಪ್ರಯೋಜನವಾಗಲಿಲ್ಲ. ತಂಗಿ ತಾನೇ ಬಿಡಿಸಿದ ಹೂಗಳ ತಟ್ಟೆಯನ್ನು ಬಸ್ಸಿನಿಂದಿಳಿದಾಗಿನಿಂದ ಯಾರ ಕೈಗೂ ಕೊಡಲಿಲ್ಲ. ದೇವಸ್ಥಾನದ ಮುಂದಿನ ಬೇವಿನ ಕಟ್ಟೆಯ ಮೇಲೆ ಮೂವರೂ ಕೂತೆವು. ಒಳಗೆ ಪೂಜಾರಪ್ಪ, ಹಿಂದಿನವರ ಮಗ, ಕಲ್ಲು ತೊಳೆಯುತ್ತಿದ್ದ. ಹುಡುಗಿ ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದಳು. ನಾನು ಹೇಳಿಬಿಟ್ಟೆ. ಅರೆಯುವ ಕಲ್ಲು, ನೀರು, ಮೇಣ, ಎಲ್ಲ. ನಿಂತ ಆ ಒಂದು ಹೂವನ್ನೂ ಹೇಳಿದೆ.

ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

"ಅಂದ್ರೆ ನಾನು ಮೆತ್ತದೆ ಇದ್ದಿದ್ರೆ?"

"ಗೊತ್ತಿಲ್ಲ ಕಣೆ. ಬಿಳೀದು ಬೀಳ್ತಿತ್ತೇನೋ."

"ನೀನು ಊರಲ್ಲೇ ಇರ್ತಿದ್ದೆ."

"ಹೂಂ."

"ಎಮ್ಮೆ ನೀನು ನೋಡ್ಕೋತಿದ್ದೆ."

"ಹೂಂ."

"ನಾನು ಸ್ಕೂಲಿಗೆ ಹೋಗ್ತಿದ್ದೆ."

ಅಷ್ಟರಲ್ಲಿ ಪೂಜಾರಪ್ಪ, "ಬರ್ರಮ್ಮ, ಹೊತ್ತಾಯ್ತು" ಎಂದು ಕೂಗಿದ. ತಂಗಿ ತಟ್ಟೆ ಎತ್ತಿಕೊಂಡು ನನ್ನ ಮುಖ ನೋಡದೆ ಒಳಗೆ ಹೋದಳು.

ಅವನು ಹೂಗಳನ್ನು ಅದ್ದಿ ಒತ್ತಿದ, ಬಲಕ್ಕೆ ಹಳದಿ, ಎಡಕ್ಕೆ ಬಿಳಿ. ತಂಗಿಯೇ ಕೇಳಿದಳು, "ಮಗೂನ ತುಮಕೂರಿಗೆ ಕಳಿಸ್ಲಾ ಬ್ಯಾಡ್ವಾ, ಹೇಳಮ್ಮ." ಕೂತೆವು. ಎರಡೂ ಹೂ ಅಲುಗಲಿಲ್ಲ. ದೀಪದ ಬತ್ತಿಯನ್ನು ಪೂಜಾರಪ್ಪ ಎರಡು ಸಲ ಮುಂದಕ್ಕೆ ತಳ್ಳಿದ. ಹುಡುಗಿ ನನ್ನ ಕೈ ಹಿಡಿದಿದ್ದಳು, ಅವಳ ಕೈ ನಲ್ಲಿ ನೀರಿನಿಂದ ತಣ್ಣಗಿತ್ತು. ಕಲ್ಲಿನ ತೇವ ಆರುತ್ತ ಬರುವುದು ನನಗೆ ಕಾಣುತ್ತಿತ್ತು. ನನ್ನ ಕಣ್ಣಿಗೆ ಈಗ ಅದು ಅಮ್ಮನ ಭುಜವಲ್ಲ, ಅರೆಯುವ ಕಲ್ಲು.

ಬಿಳಿಯ ಹೂವಿನ ಮೇಲಿನ ಎಸಳುಗಳು ಕಲ್ಲಿನಿಂದ ಬಿಟ್ಟುಕೊಂಡವು. ಹೂ ಒಂದು ಕೂದಲೆಳೆಯಷ್ಟು ಮುಂದಕ್ಕೆ ಬಾಗಿತು.

ತಂಗಿ ಎದ್ದು ನಿಂತಳು.

"ಏಯ್, ಕೂತ್ಕಳಮ್ಮ! ಹೂ ಕೇಳೋವಾಗ ಮಧ್ಯಕ್ಕೆ ಏಳಬಾರ್ದು" ಎಂದು ಪೂಜಾರಪ್ಪ ಗದರಿದ.

"ಕೇಳಿದ್ದು ನಾನು ತಾನೆ? ವಾಪಸ್ ತಗೊಂಡೆ."

"ಏನ್ ವಾಪಸ್ ತಗೊಂಡೆ?"

"ಕೇಳಿದ್ದನ್ನ." ಅವಳು ಅಮ್ಮನ ಕಡೆ ತಿರುಗಿದಳು. ಕೈ ಮುಗಿದೇ ಇದ್ದಳು. "ಅವಳು ಹೋಗ್ತಾಳೆ ಕಣಮ್ಮ. ನೀನು ನಿಧಾನಕ್ಕೆ ಬೀಳ್ಸು."

ಮಗಳ ರಟ್ಟೆ ಹಿಡಿದೆಬ್ಬಿಸಿ ಹೊರಗೆ ನಡೆದಳು. ಪೂಜಾರಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ನನ್ನ ಬಾಯಿಯೂ ಹಾಗೇ ಇದ್ದಿರಬೇಕು. ದೇವರಿಗೆ ಬೆನ್ನು ತೋರಿಸಿ ಬರುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಅವತ್ತು ಮೂವರೂ ಹಾಗೇ ಬಂದೆವು.

ಆಮೇಲೆ ಯಾವ ಹೂ ಬಿತ್ತು? ಹುಡುಗಿ ಬಾಗಿಲಲ್ಲಿ ಹಿಂತಿರುಗಿ ನೋಡಿದಾಗ ಎರಡೂ ಇದ್ದವಂತೆ. ಪೂಜಾರಪ್ಪ ಸಂಜೆ ಊರಿನವರ ಹತ್ತಿರ ಹಳದಿ ಬಿತ್ತು ಎಂದನಂತೆ. ದಕ್ಷಿಣೆ ಕೊಟ್ಟವರ ಸಮಾಧಾನಕ್ಕೆ ಹೇಳಿರಬಹುದು, ನಿಜವೂ ಇರಬಹುದು. ನಾನು ವಿಚಾರಿಸಲು ಹೋಗಿಲ್ಲ.

ಹುಡುಗಿ ಈಗ ತುಮಕೂರಿನಲ್ಲಿದ್ದಾಳೆ. ತಂಗಿ ಒಂದೂವರೆ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಹೂವಿನ ಪುಟ್ಟಿಯೂ ಬರಲಿಲ್ಲ. ಕಂಡಕ್ಟರು ಮಾತ್ರ ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ ಕೈ ಅಲ್ಲಾಡಿಸಿ ಇಲ್ಲ ಎಂದು ತೋರಿಸುತ್ತಿದ್ದ. ಆಮೇಲೊಂದು ದಿನ ಪುಟ್ಟಿಯ ಬದಲು ಅವಳೇ ಇಳಿದು ಬಂದಳು. ಮಗಳನ್ನು ನೋಡಿಕೊಂಡು ಪಾವಗಡಕ್ಕೆ ಹೋಗುವ ದಾರಿಯಲ್ಲಿ ಇಳಿದಿದ್ದಳು. ಮೊದಲು ನೀರು ಕುಡಿದಳು. ಆಮೇಲೆ ಮೇಜಿನ ಮೇಲಿದ್ದ ಚೌಕಟ್ಟು ಅವಳ ಕಣ್ಣಿಗೆ ಬಿತ್ತು.

ಆ ಹಳೆಯ ಹೂವಿಗೆ ನಾನು ಕೊನೆಗೂ ಗಾಜು ಹಾಕಿದ್ದೆ, ಬೋರಲಾಗಿಯೇ. ಎಸಳು ಬಹಳಷ್ಟು ಉದುರಿವೆ. ಕಾಣುವುದು ತೊಟ್ಟು, ಮೇಣ, ಉಗುರಿನ ಗುರುತು.

"ಇದ್ಯಾವ ಸೀಮೆ ಅಲಂಕಾರ ಕಣಕ್ಕ? ಹೂವಿನ ಬೆನ್ನು ತೋರಿಸ್ಕಂಡು" ಎಂದು ಚೌಕಟ್ಟನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹೂ ಬಿಡಿಸಿ ಬಿಡಿಸಿ ಕಪ್ಪುಗಟ್ಟಿದ ತನ್ನ ಹೆಬ್ಬೆರಳನ್ನು ಗಾಜಿನ ಮೇಲೆ, ಆ ಗುರುತಿನ ಮೇಲೆ ಸರಿಯಾಗಿ ಇಟ್ಟಳು. ಗುರುತು ಪೂರ್ತಿ ಮುಚ್ಚಿಹೋಯಿತು. ಬೆರಳು ತೆಗೆದು ಮತ್ತೆ ನೋಡಿದಳು.

"ನನ್ನ ಉಗುರು ಇಷ್ಟೇ ಇತ್ತೇನಕ್ಕ?" ಎಂದಳು.